ಬುರುಗು ಬಾಟಲಿಯ ಸಹವಾಸ

ಇಂಗ್ಲೆಂಡಿನಲ್ಲಿ ಬೇಸಗೆ ಬಂತೆಂದು ಕ್ಯಾಲೆಂಡರ್ ಹೇಳಿದರೆ ಯಾರೂ ನಂಬುವುದಿಲ್ಲ. ಹವಾಮಾನ ವರದಿ ಹೇಳಿದರೆ ಕೊಡೆ ಹಿಡಿದೇ ಹೊರಡುತ್ತಾರೆ. ಇಲ್ಲಿಯವರು ನಂಬುವುದು ಎಲ್ಡರ್ ಗಿಡವನ್ನು. ಅದು ಹೂ ಬಿಟ್ಟರೆ ಬೇಸಗೆ ಶುರು, ಅದರ ಹಣ್ಣು ಕಪ್ಪಾದರೆ ಬೇಸಗೆ ಮುಗಿಯಿತು ಎಂಬುದು ಹಳ್ಳಿಗಾಡಿನ ಹಳೆಯ ಲೆಕ್ಕ. ಮೇ ಕೊನೆಯಿಂದ ಜೂನ್ ಮುಗಿಯುವ ತನಕ ನಾವಿರುವ ಚೆಲ್ಟನ್‌ಹ್ಯಾಮ್ ಸುತ್ತಮುತ್ತ ಯಾವ ಬೇಲಿ ನೋಡಿದರೂ ಅಂಗೈಯಗಲದ ಕೆನೆಬಣ್ಣದ ಹೂಗೊಂಚಲು. ಒಂದು ಗೊಂಚಲೆಂದರೆ ಲೆಕ್ಕವಿಲ್ಲದಷ್ಟು ಪುಟಾಣಿ ಹೂ. ಮುಟ್ಟಿದರೆ ಬೆರಳಿಗೆಲ್ಲ ಹಳದಿ ಪರಾಗ. ಈ ನಾಲ್ಕೈದು ವಾರ ಇಲ್ಲಿನ ಸಂಭಾವಿತರು, ಅಂದರೆ ನಿವೃತ್ತ ಹೆಡ್‌ಮಾಸ್ತರರು, ಬ್ಯಾಂಕ್ ಮ್ಯಾನೇಜರರು, ಪಾದ್ರಿಗಳು, ಕೈಯಲ್ಲಿ ಬುಟ್ಟಿ, ಕತ್ತರಿ ಹಿಡಿದು ಬೇಲಿಸಂದಿಗೆ ತಲೆ ತೂರಿಸಿಕೊಂಡು ನಿಂತಿರುತ್ತಾರೆ. ಹೂವನ್ನು ಮನೆಗೆ ತಂದು ಸಕ್ಕರೆ, ನಿಂಬೆ, ನೀರಿನೊಂದಿಗೆ ನೆನೆಹಾಕಿ, ಸೋಸಿ, ಬಾಟಲಿಗೆ ತುಂಬಿ, ಬುರುಗೇಳುವ ಪಾನೀಯವೊಂದನ್ನು ಮಾಡುತ್ತಾರೆ. ಎಲ್ಡರ್‌ಫ್ಲವರ್ ಷಾಂಪೇನ್ ಎಂದು ಅದಕ್ಕೆ ಹೆಸರು. ಆಮೇಲೆ ಆ ಬಾಟಲಿಗಳಿಗೆ ಹೆದರಿಕೊಂಡು ಉಳಿದ ಬೇಸಗೆ ಕಳೆಯುತ್ತಾರೆ.

ನಾನೂ ಈ ಕುಲಕ್ಕೆ ಸೇರಿ ಕೆಲವು ಬೇಸಗೆಗಳಾದವು. ಅನುಭವದಿಂದ ಹೇಳುವುದು ಇಷ್ಟೇ: ಇದನ್ನು ಮಾಡುವುದು ಮಕ್ಕಳಾಟ, ಇಟ್ಟುಕೊಳ್ಳುವುದು ಸಂಸಾರ.

ಮೊದಲು ಗಿಡದ ವಿಚಾರ. ಸಸ್ಯಶಾಸ್ತ್ರದವರು ಸಾಂಬುಕಸ್ ನೈಗ್ರ ಎನ್ನುವ ಈ ಎಲ್ಡರ್‌ಗೆ ಇಂಗ್ಲಿಷರ ತೋಟದಲ್ಲಿ ಮರ್ಯಾದೆಯಿಲ್ಲ. ಗುಲಾಬಿಗೆ ಗೊಬ್ಬರ, ಲ್ಯಾವೆಂಡರಿಗೆ ಲಾಲನೆ, ಇದಕ್ಕೆ ಮಾತ್ರ ಗರಗಸ. ಯಾರೂ ನೆಡದೆ, ಯಾರೂ ನೀರೆರೆಯದೆ ತಾನಾಗಿ ಬೆಳೆಯುವುದೇ ಇದರ ಅಪರಾಧ. ಹಣ್ಣು ತಿಂದ ಹಕ್ಕಿ ಎಲ್ಲಿ ಹಿಕ್ಕೆ ಹಾಕಿತೋ ಅಲ್ಲಿ ಹುಟ್ಟುತ್ತದೆ. ಸಾರಜನಕ ಹೆಚ್ಚಿರುವ ಮಣ್ಣೆಂದರೆ ಇದಕ್ಕೆ ಪ್ರಾಣ. ಹಾಗಾಗಿ ಚರ್ಚಿನ ಸ್ಮಶಾನದ ಗೋಡೆ, ಮೊಲದ ಬಿಲದ ಬಾಯಿ, ಹಾಳುಬಿದ್ದ ಕೊಟ್ಟಿಗೆ, ರೈಲ್ವೆ ದಿಬ್ಬ ಇವೇ ಇದರ ಕಾಯಂ ವಿಳಾಸ. ಅಪವಾದಗಳೂ ಕಡಿಮೆಯಿಲ್ಲ. ಏಸುವಿಗೆ ದ್ರೋಹ ಬಗೆದ ಜೂದಾಸ ನೇಣು ಹಾಕಿಕೊಂಡದ್ದು ಇದೇ ಮರಕ್ಕಂತೆ. ಷೇಕ್ಸ್‌ಪಿಯರ್ ಕೂಡ ತನ್ನ ನಾಟಕವೊಂದರಲ್ಲಿ ಈ ಮಾತು ತಂದಿದ್ದಾನೆ. ಇದರ ಕಟ್ಟಿಗೆಯನ್ನು ಒಲೆಗೆ ಹಾಕಿದರೆ ಮನೆಗೆ ಕೇಡು ಎಂದು ನಂಬಿದವರಿದ್ದರು. ಹ್ಯಾರಿ ಪಾಟರ್ ಓದಿದ ಮಕ್ಕಳಿಗೆ ಹೇಳುವುದೇ ಬೇಡ: ಎಲ್ಲ ಮಂತ್ರದಂಡಗಳನ್ನೂ ಮೀರಿಸುವ ದಂಡ ಈ ಮರದ್ದೇ.

ಆದರೆ ಜೂನ್ ತಿಂಗಳಲ್ಲಿ ಮಾತ್ರ ಇದಕ್ಕೆ ಎಲ್ಲ ಅಪವಾದವೂ ಮಾಫಿ. 2018ರ ಮೇ ತಿಂಗಳಲ್ಲಿ ರಾಜಕುಮಾರ ಹ್ಯಾರಿಯ ಮದುವೆಯಾದಾಗ ಕತ್ತರಿಸಿದ್ದು ನಿಂಬೆ ಮತ್ತು ಎಲ್ಡರ್ ಹೂವಿನ ಕೇಕು. ತಿಪ್ಪೆಯ ಪಕ್ಕದ ಗಿಡ ಅರಮನೆಯ ಪಂಕ್ತಿಗೆ ಬಂದು ಕೂತಿತು.

ಹೂ ಕೀಳುವುದಕ್ಕೂ ಶಾಸ್ತ್ರವುಂಟು. ಮಳೆ ಬಂದು ನಿಂತ ಮೇಲೆ ಹೋದರೆ ಪ್ರಯೋಜನವಿಲ್ಲ; ಪರಾಗ ತೊಳೆದುಹೋಗಿರುತ್ತದೆ, ಪರಿಮಳವೆಲ್ಲ ಇರುವುದು ಅದರಲ್ಲೇ. ಒಣಬಿಸಿಲಿನ ಬೆಳಗ್ಗೆ, ಇಬ್ಬನಿ ಆರಿದ ಮೇಲೆ, ಆಗತಾನೆ ಅರಳಿದ ಗೊಂಚಲನ್ನು ಕೀಳಬೇಕು. ಮೂಸಿ ನೋಡಿ ಕೀಳಬೇಕು. ಹೊಸ ಹೂವಿಗೆ ಮಸ್ಕಟ್ ದ್ರಾಕ್ಷಿಯ ವಾಸನೆ. ಅದೇ ಹೂ ಹಳತಾಗಿ ಕಂದು ತಿರುಗಿದರೆ ಬೆಕ್ಕಿನ ಉಚ್ಚೆಯ ವಾಸನೆ. ನಡುವೆ ಅಂತರ ಕೆಲವೇ ದಿನದ್ದು. ವಾಹನ ಓಡಾಡುವ ರಸ್ತೆಯಂಚಿನ ಗಿಡ ಬೇಡ. ನಾಯಿಗಳು ಕಾಲೆತ್ತುವ ಎತ್ತರದ ಹೂವೂ ಬೇಡ. ಮನೆಗೆ ತಂದ ಹೂವನ್ನು ತೊಳೆಯುವಂತಿಲ್ಲ. ಬಿಳಿ ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಹರಡಿ, ಒಳಗೆ ಸೇರಿಕೊಂಡ ಪುಟ್ಟ ಹುಳುಗಳಿಗೆ ಎದ್ದು ಹೋಗಲು ಸಮಯ ಕೊಡಬೇಕು. ದಪ್ಪ ತೊಟ್ಟು, ಎಲೆ ಯಾವುದೂ ಪಾತ್ರೆಗೆ ಬೀಳಬಾರದು. ಎಲೆ, ಕಾಂಡ, ತೊಗಟೆಗಳಲ್ಲಿ ಸಾಂಬುನೈಗ್ರಿನ್ ಎಂಬ ವಸ್ತುವಿದೆ. ಹೊಟ್ಟೆಗೆ ಹೋದರೆ ಸಯನೈಡ್ ಬಿಡುವ ಜಾತಿಯದು. ಹಸಿ ಹಣ್ಣೂ ಹೊಟ್ಟೆ ಕೆಡಿಸುತ್ತದೆ, ಬೇಯಿಸಿಯೇ ತಿನ್ನಬೇಕು. ಜೊತೆಗೆ ಅದೇ ದಿನಗಳಲ್ಲಿ ಬೇಲಿಬುಡದಲ್ಲಿ ಬಿಳಿ ಛತ್ರಿಯಂಥ ಹೂ ಬಿಡುವ ಇನ್ನೊಂದು ಬಳಗವಿದೆ. ಸಾಕ್ರಟೀಸನಿಗೆ ಕುಡಿಸಿದ ಹೆಮ್ಲಾಕ್ ಆ ಬಳಗದ್ದು. ಅವೆಲ್ಲ ನೆಲದಿಂದೆದ್ದ ಮೆದುಕಾಂಡದ ಗಿಡಗಳು. ಎಲ್ಡರ್ ಮರಜಾತಿ, ಒರಟು ತೊಗಟೆ, ಒಂದು ಕಡ್ಡಿಗೆ ಐದೋ ಏಳೋ ಎಲೆ. ಈ ವ್ಯತ್ಯಾಸ ಕಣ್ಣಿಗೆ ಕೂರುವ ತನಕ ತಿಳಿದವರ ಜೊತೆಯಲ್ಲೇ ಹೋಗುವುದು ಕ್ಷೇಮ.

ಡೆನ್ಮಾರ್ಕಿನ ಜನಪದರಲ್ಲಿ ಇನ್ನೊಂದು ನಿಯಮವಿತ್ತು. ಈ ಮರದಲ್ಲಿ ಹ್ಯುಲೆಮೋರ್ ಎಂಬ ತಾಯಿ ವಾಸವಾಗಿದ್ದಾಳೆ, ಕೊಂಬೆಗೆ ಕತ್ತರಿ ಹಾಕುವ ಮೊದಲು ಅವಳ ಅಪ್ಪಣೆ ಕೇಳಬೇಕು ಎಂದು. ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಅವಳ ಮೇಲೊಂದು ಕಥೆಯನ್ನೇ ಬರೆದ. ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. “ಮತ್ತೆ? ಕೇಳದೇ ಕೀಳ್ತಾರಾ ಯಾರಾದ್ರೂ?” ಅಂದಳು. ಆಕೆಯ ಆಕ್ಷೇಪಣೆ ಬೇರೆ. “ಅಷ್ಟು ಹೂವಲ್ಲಿ ಒಂದನ್ನೂ ದೇವರಿಗಿಡದೆ ಎಲ್ಲಾ ಬಕೆಟ್ಟಿಗೆ ಹಾಕ್ತೀಯಲ್ಲ ಮಾರಾಯ!” ಅಂದಿನಿಂದ ಮೊದಲ ಗೊಂಚಲು ದೇವರ ಪಟಕ್ಕೆ. ಎರಡೂ ಕಡೆಯ ತಾಯಂದಿರಿಗೆ ಸಮಾಧಾನ.

ಇನ್ನು ಮಾಡುವ ಬಗೆ. ಒಂದು ಗ್ಯಾಲನ್, ಎಂದರೆ ಸುಮಾರು ನಾಲ್ಕೂವರೆ ಲೀಟರ್ ನೀರು. 700 ಗ್ರಾಂ ಸಕ್ಕರೆ. ಐದಾರು ದೊಡ್ಡ ಗೊಂಚಲು. ಎರಡು ನಿಂಬೆಯ ರಸ ಮತ್ತು ಹಳದಿ ಸಿಪ್ಪೆಯ ತುರಿ. ಎರಡು ದೊಡ್ಡ ಚಮಚ ಬಿಳಿ ವಿನೆಗರ್. ಮನೆಮನೆಗೂ ಅಳತೆ ಸ್ವಲ್ಪ ಹಿಂದುಮುಂದಾದರೂ ಲೆಕ್ಕ ಹೆಚ್ಚೂಕಡಿಮೆ ಇದೇ. ಸ್ವಲ್ಪ ಬಿಸಿನೀರಿನಲ್ಲಿ ಸಕ್ಕರೆ ಕರಗಿಸಿ, ಉಳಿದ ತಣ್ಣೀರು ಸುರಿದು, ಪೂರ್ತಿ ಆರಿದ ಮೇಲೆ ಹೂ ಹಾಕಬೇಕು. ಕುದಿನೀರಿಗೆ ಹಾಕಿದರೆ ಹೂವಿನ ಮೈಮೇಲಿರುವ ಕಾಡು ಯೀಸ್ಟ್ ಸತ್ತೇಹೋಗುತ್ತದೆ. ಮುಂದಿನ ಕೆಲಸವೆಲ್ಲ ಆಗಬೇಕಾದದ್ದು ಅದರಿಂದ. ಬಟ್ಟೆ ಮುಚ್ಚಿ ಒಂದು ದಿನ ಇಡಬೇಕು. ಮರುದಿನ ತೆಳು ಬಟ್ಟೆಯಲ್ಲಿ ಸೋಸಬೇಕು. ಕಾಡು ಯೀಸ್ಟ್ ನಂಬಿಗಸ್ತ ಆಳಲ್ಲ. ಒಮ್ಮೆ ಎರಡೇ ದಿನಕ್ಕೆ ನೊರೆಯೆಬ್ಬಿಸುತ್ತದೆ, ಒಮ್ಮೆ ವಾರವಾದರೂ ಮಲಗೇ ಇರುತ್ತದೆ. ಆಗ ಅಂಗಡಿಯ ವೈನ್ ಯೀಸ್ಟ್ ಒಂದು ಚಿಟಿಕೆ ಹಾಕಿ ಎಬ್ಬಿಸಬಹುದು. ಬಾಟಲಿಗಳನ್ನು ಮಾತ್ರ ಚೊಕ್ಕವಾಗಿ ತೊಳೆದು, ಸೋಂಕು ತೆಗೆದು ಇಟ್ಟುಕೊಳ್ಳಬೇಕು. ಮಾಡುವ ಭಾಗ ಇಲ್ಲಿಗೆ ಮುಗಿಯಿತು.

ಮದ್ಯ ಬೇಡವೆನ್ನುವವರಿಗೆ ಇದರ ಸಾತ್ವಿಕ ತಂಗಿಯೊಬ್ಬಳಿದ್ದಾಳೆ, ಕಾರ್ಡಿಯಲ್. ಬೇಕಾದಷ್ಟು ಹೂವನ್ನು ಗಟ್ಟಿ ಸಕ್ಕರೆ ಪಾಕದಲ್ಲಿ ನೆನೆಸಿ, ನಿಂಬೆ, ಸಿಟ್ರಿಕ್ ಆಸಿಡ್ ಹಾಕಿ ಸೋಸಿದರೆ ಆಯಿತು. ಕುಡಿಯುವಾಗ ಸೋಡಾ ಬೆರೆಸಿದರೆ ಗುಳ್ಳೆ ಸಿದ್ಧ. ಸಕ್ಕರೆಯೂ ಹುಳಿಯೂ ದಟ್ಟವಾಗಿರುವುದರಿಂದ ಅದು ಫ್ರಿಜ್ಜಿನಲ್ಲಿ ವಾರಗಟ್ಟಲೆ ತೆಪ್ಪಗಿರುತ್ತದೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ಮೇಲೆ ಸ್ವಲ್ಪ ಜಾಗ ಬಿಟ್ಟು ಫ್ರೀಜರಿಗೆ ಹಾಕಿದರೆ ಕ್ರಿಸ್‌ಮಸ್‌ಗೂ ಸಿಗುತ್ತದೆ. ಬೆಲ್ವಾರ್ ಕಣಿವೆಯ ಹಣ್ಣಿನ ತೋಟವೊಂದು 1984ರಲ್ಲಿ ಇದನ್ನು ಮಾರಾಟಕ್ಕಿಳಿಸಿತು. ಈಗ ಎಲ್ಲ ಸೂಪರ್‌ಮಾರ್ಕೆಟ್ಟಿನಲ್ಲೂ ಎಲ್ಡರ್ ಹೂವಿನ ಕಾರ್ಡಿಯಲ್ ಉಂಟು. ಮನೆಯಲ್ಲೇ ಮಾಡುವವರ ಕಷ್ಟ ಒಂದೇ, ಸಿಟ್ರಿಕ್ ಆಸಿಡ್. ಅದನ್ನು ಮಾದಕವಸ್ತು ಕರಗಿಸಲು ಬಳಸುವವರೂ ಇರುವುದರಿಂದ ಔಷಧಿ ಅಂಗಡಿಯವರು “ಯಾತಕ್ಕೆ?” ಎಂದು ಕೇಳುತ್ತಾರೆ. “ಹೂವಿಗೆ” ಎಂದು ನಾನು ಉತ್ತರಿಸಿದಾಗ ಕೌಂಟರಿನ ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದು ಇನ್ನೂ ನೆನಪಿದೆ. ಹಿಂದೆ ನಿಂತಿದ್ದ ಮುದುಕಿಯೊಬ್ಬಳು “ಜೂನ್ ಅಲ್ಲವೇನಮ್ಮ, ಕೊಡು” ಎಂದು ಜಾಮೀನು ಕೊಟ್ಟಳು.

ಸಾತ್ವಿಕ ತಂಗಿಯನ್ನು ಇಲ್ಲಿಗೆ ಬಿಟ್ಟು ಅಕ್ಕನ ಕಡೆ ಬರೋಣ. ಬಾಟಲಿಯೊಳಗೆ ನಡೆಯುವುದೇನು? ಯೀಸ್ಟ್ ಸಕ್ಕರೆ ತಿನ್ನುತ್ತದೆ. ತಿಂದದ್ದರಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಅರ್ಧ ಆಲ್ಕೋಹಾಲ್, ಇನ್ನರ್ಧ ಇಂಗಾಲದ ಡೈಆಕ್ಸೈಡ್. ಬಾಯಿ ತೆರೆದ ಬಕೆಟ್ಟಿನಲ್ಲಾದರೆ ಆ ಗ್ಯಾಸು ಗಾಳಿಗೆ ಹೋಗುತ್ತದೆ, ಯಾರಿಗೂ ತೊಂದರೆಯಿಲ್ಲ. ಮುಚ್ಚಿದ ಬಾಟಲಿಯಲ್ಲಾದರೆ ಹೋಗಲು ದಾರಿಯಿಲ್ಲದೆ ನೀರಿನಲ್ಲೇ ಕರಗಿ ಕೂರುತ್ತದೆ. ಮುಚ್ಚಳ ತೆಗೆದಾಗ ಮೇಲೇಳುವ ಗುಳ್ಳೆ ಅದೇ. ಇಲ್ಲಿ ಸ್ವಲ್ಪ ಗಣಿತ ಬೇಕು. ಫ್ರಾನ್ಸಿನ ಷಾಂಪೇನ್ ಪ್ರಾಂತ್ಯದವರು ಬಾಟಲಿಗೆ ಹಾಕುವಾಗ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಸೇರಿಸುತ್ತಾರೆ. ಅದು ಪೂರ್ತಿ ಹುದುಗಿದರೆ ಸುಮಾರು 6 ವಾತಾವರಣದಷ್ಟು ಒತ್ತಡ. ಕಾರಿನ ಟಯರಿನಲ್ಲಿ ಇರುವುದು ಎರಡರ ಮೇಲೆ ಚೂರು. ಷಾಂಪೇನಿನ ಲೆಕ್ಕದಲ್ಲಿ, ಲೀಟರಿಗೆ 4 ಗ್ರಾಂ ಸಕ್ಕರೆಗೆ ಒಂದು ವಾತಾವರಣ ಎಂದಾಯಿತು. ನಮ್ಮ ಬಕೆಟ್ಟಿನಲ್ಲಿ ಲೀಟರಿಗೆ ಹೆಚ್ಚುಕಡಿಮೆ 150 ಗ್ರಾಂ. ಅಷ್ಟನ್ನೂ ಬಿಗಿಯಾಗಿ ಮುಚ್ಚಿಟ್ಟು ಮರೆತರೆ ಕಾಗದದ ಲೆಕ್ಕದಲ್ಲಿ 35ಕ್ಕೂ ಹೆಚ್ಚು ವಾತಾವರಣ. ಅಷ್ಟು ದೂರ ಲೆಕ್ಕ ಹೋಗುವುದೇ ಇಲ್ಲ; ಅದಕ್ಕೆ ಎಷ್ಟೋ ಮೊದಲೇ ಬಾಟಲಿ ತನ್ನ ಉತ್ತರ ಕೊಟ್ಟಿರುತ್ತದೆ.

ನಮ್ಮ ಬೀದಿಯಲ್ಲಿ ಆ ಉತ್ತರ ಕೇಳದವರು ಕಡಿಮೆ. ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಬೆಚ್ಚಗಿರಲೆಂದು ಬಾಟಲಿಗಳನ್ನು ಬಿಸಿನೀರಿನ ಹಂಡೆಯ ಪಕ್ಕದ ಬೀರುವಿನಲ್ಲಿಟ್ಟಿದ್ದರು, ಇಸ್ತ್ರಿ ಮಾಡಿದ ಬಟ್ಟೆಗಳ ನಡುವೆ. ಒಂದು ರಾತ್ರಿ ಒಂದು ಬಾಟಲಿ ಸಿಡಿಯಿತು. ಅದರ ಚೂರು ಬಡಿದು ಪಕ್ಕದ್ದು, ಅದರ ಚೂರು ಬಡಿದು ಮತ್ತೊಂದು. ಮದುವೆಯಲ್ಲಿ ಬಂದ ಮೇಜುಬಟ್ಟೆಯಿಂದ ಹಿಡಿದು ಗಂಡನ ಬನಿಯನ್ನಿನವರೆಗೆ ಎಲ್ಲಕ್ಕೂ ಸಕ್ಕರೆ ಪಾಕದ ಗಂಜಿ. “ಒಂದು ತಿಂಗಳು ಮನೆಯಲ್ಲಿ ಎಂಥ ಪರಿಮಳ ಗೊತ್ತೇ!” ಎಂದು ಅವರು ಈಗ ನಗುತ್ತಾರೆ. ಕಣ್ಣಿಗೆ ಚೂರು ಬಡಿದಿದ್ದರೆ ನಗು ಇರುತ್ತಿರಲಿಲ್ಲ ಎನ್ನುವುದನ್ನೂ ಅವರೇ ಸೇರಿಸುತ್ತಾರೆ.

ಫ್ರಾನ್ಸಿನ ನೆಲಮಾಳಿಗೆಗಳಲ್ಲೂ ಹಿಂದೆ ಇದೇ ಕಥೆ. ಒಂದು ಸಿಡಿದರೆ ಸಾಲಿಗೆ ಸಾಲೇ ಸಿಡಿಯುತ್ತಿತ್ತು. ಕೆಲಸದವರು ಮುಖಕ್ಕೆ ಕಬ್ಬಿಣದ ತಂತಿಯ ಮುಸುಕು ಕಟ್ಟಿಕೊಂಡು ಇಳಿಯುತ್ತಿದ್ದರು. ಬುರುಗು ವೈನಿನ ಚರಿತ್ರೆಯೆಂದರೆ ಅರ್ಧ ಪಾಲು ಗಾಜಿನ ಚರಿತ್ರೆಯೇ. 1615ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ ಹಡಗು ಕಟ್ಟಲು ಮರ ಉಳಿಯಲೆಂದು ಗಾಜಿನ ಕುಲುಮೆಗಳಿಗೆ ಸೌದೆ ಹಾಕುವುದನ್ನು ನಿಷೇಧಿಸಿದ. ಕುಲುಮೆಯವರು ಕಲ್ಲಿದ್ದಲಿಗೆ ತಿರುಗಿದರು. ಶಾಖ ಹೆಚ್ಚಿತು, ಗಾಜು ಗಟ್ಟಿಯಾಯಿತು. ಹಡಗಿನ ಚಿಂತೆಯಿಂದ ಬಾಟಲಿಗೆ ಬಲ ಬಂತು. 1662ರಲ್ಲಿ ಕ್ರಿಸ್ಟಫರ್ ಮೆರೆಟ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಬಂಧವೊಂದನ್ನು ಮಂಡಿಸಿ, ಇಲ್ಲಿನ ವರ್ತಕರು ವೈನಿಗೆ ಸಕ್ಕರೆ, ಕಾಕಂಬಿ ಬೆರೆಸಿ ಅದನ್ನು ಚುರುಕಾಗಿ ಬುರುಗೇಳುವಂತೆ ಮಾಡುತ್ತಾರೆ ಎಂದು ದಾಖಲಿಸಿದ. ಆ ಮೆರೆಟ್ ಹುಟ್ಟಿದ ವಿಂಚ್‌ಕೂಂಬ್ ನಮ್ಮೂರಿನ ಪಕ್ಕದಲ್ಲೇ ಇದೆ. ಷಾಂಪೇನಿನ ಕೀರ್ತಿಯೆಲ್ಲ ಡಾಮ್ ಪೆರಿನ್ಯೋನ್ ಎಂಬ ಫ್ರೆಂಚ್ ಸನ್ಯಾಸಿಗೆ ಹೋಯಿತೆಂದು ಈ ಕಡೆಯ ಅಭಿಮಾನಿಗಳಿಗೆ ಇಂದಿಗೂ ಹೊಟ್ಟೆಯುರಿ.

ಫ್ರೆಂಚರಿಗೂ ಈ ಹೂವಿನ ಮೇಲೆ ಸಿಟ್ಟಿತ್ತೆನ್ನಿ. ಇಲ್ಲಿನ ಸರ್ರೆ ಪ್ರಾಂತ್ಯದಲ್ಲಿ ತಯಾರಾಗುತ್ತಿದ್ದ, ಮದ್ಯವೇ ಇಲ್ಲದ ಪಾನೀಯವೊಂದನ್ನು ಷಾಂಪೇನಿನಂಥದೇ ಬಾಟಲಿಯಲ್ಲಿ, ತಂತಿ ಬಿಗಿದ ಬಿರಡೆಯೊಂದಿಗೆ, ಎಲ್ಡರ್‌ಫ್ಲವರ್ ಷಾಂಪೇನ್ ಎಂದೇ ಮಾರುತ್ತಿದ್ದರು. ಬೆಲೆ ಎರಡೂವರೆ ಪೌಂಡಿಗೂ ಕಡಿಮೆ. ಷಾಂಪೇನ್ ತಯಾರಕರು ದಾವೆ ಹೂಡಿದರು. ಮೊದಲ ನ್ಯಾಯಾಧೀಶರು ಇದರಿಂದ ಅವರಿಗೇನೂ ನಷ್ಟವಿಲ್ಲವೆಂದರು. 1993ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿ, ಆ ಹೆಸರಿನಲ್ಲಿ ಮಾರಕೂಡದೆಂದು ತೀರ್ಪಿತ್ತಿತು. ಅಂಗಡಿಯಲ್ಲಿ ಹೆಸರು ಹೋಯಿತು, ಅಡುಗೆಮನೆಯಲ್ಲಿ ಉಳಿಯಿತು. ಮನೆಗೆ ಮಾಡಿಕೊಳ್ಳುವವರ ತಂಟೆಗೆ ಇಲ್ಲಿ ಯಾರೂ ಬರುವುದಿಲ್ಲ. 1963ರ ತನಕ ಮನೆಯಲ್ಲಿ ಬಿಯರ್ ಮಾಡಲು ಲೈಸೆನ್ಸ್ ಬೇಕಿತ್ತು. ಆ ವರ್ಷ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನೂ ತೆಗೆದುಹಾಕಿದ. ಮಾರಲು ಹೊರಟರೆ ಮಾತ್ರ ಸುಂಕದವರು ಬರುತ್ತಾರೆ.

ಇನ್ನು ಬಾಟಲಿ. ಇಲ್ಲಿಂದಲೇ ಸಂಸಾರ ಶುರು. ಕಣ್ಣಿಗೆ ಚಂದ ಕಾಣುವುದು ಗಾಜು. ತಂತಿಯ ಕೊಂಡಿ, ರಬ್ಬರ್ ಉಂಗುರವಿರುವ ಪಿಂಗಾಣಿ ಬಿರಡೆಯ ಬಾಟಲಿ. ಕಿಟಕಿಯಲ್ಲಿ ಸಾಲಾಗಿಟ್ಟರೆ ಚಿತ್ರಪಟ. ಆದರೆ ಅಲಂಕಾರದ ಅಂಗಡಿಗಳಲ್ಲಿ ಸಿಗುವ ಚೌಕಾಕಾರದ ತೆಳು ಗಾಜಿನವು ಎಣ್ಣೆ, ವಿನೆಗರ್ ಇಡುವುದಕ್ಕಷ್ಟೇ ಸರಿ. ಒತ್ತಡ ಮೂಲೆಗಳಲ್ಲಿ ಕೇಂದ್ರೀಕರಿಸಿ ಅಲ್ಲೇ ಸೀಳು ಬಿಡುತ್ತದೆ. ಗಾಜೇ ಬೇಕೆಂದರೆ ದುಂಡನೆಯ, ಬುರುಗು ಪಾನೀಯಕ್ಕೆಂದೇ ಮಾಡಿದ ದಪ್ಪ ಗಾಜು ಬೇಕು. ಅದಕ್ಕೂ ಒಂದು ಕ್ರಮವಿದೆ: ಬಕೆಟ್ಟಿನಲ್ಲೋ ಗ್ಯಾಸು ಹೊರಬಿಟ್ಟು ಗಾಳಿ ಒಳಬಿಡದ ಗಾಳಿಬೀಗ ಹಾಕಿದ ಜಾಡಿಯಲ್ಲೋ ಹುದುಗು ಪೂರ್ತಿ ಮುಗಿಯಲು ಬಿಟ್ಟು, ಹೈಡ್ರೋಮೀಟರ್ ಇಳಿಬಿಟ್ಟು ನೋಡಿ, ಸಕ್ಕರೆ ತೀರಿದೆ ಎಂದು ಖಾತ್ರಿಯಾದ ಮೇಲೆ ಲೀಟರಿಗೆ 10–12 ಗ್ರಾಂ ಹೊಸ ಸಕ್ಕರೆ ಹಾಕಿ ಮುಚ್ಚುವುದು. ಆಗ ಒತ್ತಡ 3 ವಾತಾವರಣದ ಆಸುಪಾಸಿನಲ್ಲಿ ನಿಲ್ಲುತ್ತದೆ. ಕ್ಷೇಮವಾದ ದಾರಿಯೇ; ಆದರೆ ಸಿಹಿಯೆಲ್ಲ ಆಲ್ಕೋಹಾಲಾಗಿ ನೂರಕ್ಕೆ ಒಂಬತ್ತರ ಹತ್ತಿರ ಹೋಗಿ, ನಾಲಗೆಗೆ ಹುಳಿಯೊಗರು ಉಳಿಯುತ್ತದೆ. ಬೇಲಿಯ ಹೂವಿನ ಆ ಎಳೆಸಿಹಿ ಬೇಕೆನ್ನುವವರು ಹುದುಗು ನಡೆಯುತ್ತಿರುವಾಗಲೇ ತುಂಬಬೇಕು, ಕಾಯಬೇಕು.

ಹಾಗೆ ಕಾಯುವವರಿಗೆ ನನ್ನ ಓಟು ಸೋಡಾ, ಕೋಲಾ ತುಂಬಿ ಬಂದ ಹಳೆಯ ಪ್ಲಾಸ್ಟಿಕ್ ಬಾಟಲಿಗೆ. ಅದು ಒತ್ತಡಕ್ಕೆಂದೇ ಹುಟ್ಟಿದ್ದು. ಬರೀ ನೀರು ತುಂಬಿ ಬರುವ ತೆಳು ಬಾಟಲಿ ನಡೆಯದು. ಸೋಡಾ ಬಾಟಲಿಯ ದೊಡ್ಡ ಗುಣವೆಂದರೆ ಮನಸ್ಸಿನಲ್ಲಿರುವುದನ್ನು ಮುಚ್ಚಿಡುವುದಿಲ್ಲ. ಒತ್ತಿ ನೋಡಿದರೆ ಮೆತ್ತಗಿದ್ದರೆ ಇನ್ನೂ ಸಮಯವಿದೆ. ಕಲ್ಲಿನಂತಾದರೆ ಮುಚ್ಚಳ ಸಡಿಲಿಸಬೇಕು. ತಳ ಉಬ್ಬಿ ಬಾಟಲಿ ನೆಟ್ಟಗೆ ನಿಲ್ಲದಿದ್ದರೆ ತಡವಾಗಿದೆ. ಗಾಜು ಕೊನೆಯ ಕ್ಷಣದವರೆಗೂ ನಗುಮುಖದಲ್ಲೇ ಇದ್ದು ಒಮ್ಮೆಲೇ ಒಡೆಯುತ್ತದೆ. ಬಾಯಿಂದ ನಾಲ್ಕು ಬೆರಳು ಜಾಗ ಬಿಟ್ಟು ತುಂಬಿಸಿ, ಮೊದಲ ವಾರ ದಿನಾ, ಆಮೇಲೆ ದಿನ ಬಿಟ್ಟು ದಿನ ಮುಚ್ಚಳವನ್ನು ಚೂರೇ ತಿರುಗಿಸಿ ಉಸಿರು ಬಿಡಿಸಬೇಕು. ಇಂಗ್ಲಿಷರು ಇದಕ್ಕೆ ಮಗುವಿಗೆ ತೇಗು ಬರಿಸುವ ಮಾತನ್ನೇ ಬಳಸುತ್ತಾರೆ. “ರೀ, ಮೂರನೇದು ಹೊಟ್ಟೆ ಉಬ್ಬಿಸ್ಕೊಂಡು ನಿಂತಿದೆ, ನೋಡಿದ್ರಾ?” ಎಂಬ ಹೆಂಡತಿಯ ಕೂಗಿಗೆ ಆಫೀಸಿನ ಮೀಟಿಂಗ್ ಬಿಟ್ಟು ಎದ್ದು ಹೋದವನು ನಾನು. ಜೂನ್ ತಿಂಗಳಲ್ಲಿ ಪ್ರವಾಸ ಹೊರಡುವ ನಮ್ಮ ಬೀದಿಯವರು ಬೀಗದ ಕೈ ಕೊಟ್ಟು ಹೇಳುವ ಮಾತು ಮೂರು: ಗಿಡಕ್ಕೆ ನೀರು, ಬೆಕ್ಕಿಗೆ ಊಟ, ಬಾಟಲಿಗೆ ತೇಗು.

ಗ್ಯಾಸನ್ನು ಹಿಡಿದಿಡುವುದಕ್ಕೆ ಇಂಗ್ಲಿಷರು ತಲೆ ಕೆಡಿಸಿಕೊಂಡಷ್ಟು ಬೇರೆಯವರು ಕೆಡಿಸಿಕೊಂಡಿರಲಾರರು. 1767ರಲ್ಲಿ ಲೀಡ್ಸ್ ನಗರದಲ್ಲಿ ಜೋಸೆಫ್ ಪ್ರೀಸ್ಟ್ಲಿ ಬಿಯರ್ ಹುದುಗುವ ತೊಟ್ಟಿಯ ಮೇಲೆ ನೀರಿನ ಪಾತ್ರೆ ಹಿಡಿದು, ಅಲ್ಲಿಂದೇಳುವ ಗ್ಯಾಸನ್ನು ನೀರಿಗೆ ಬೆರೆಸಿದ. ಸೋಡಾ ನೀರಿನ ಕಥೆ ಅಲ್ಲಿಂದ. 1872ರಲ್ಲಿ ಹೈರಮ್ ಕಾಡ್ ಎಂಬಾತ ಕುತ್ತಿಗೆಯಲ್ಲಿ ಗಾಜಿನ ಗೋಲಿ ಇರುವ ಬಾಟಲಿಗೆ ಪೇಟೆಂಟ್ ಪಡೆದ. ಒಳಗಿನ ಒತ್ತಡವೇ ಗೋಲಿಯನ್ನು ಮೇಲಕ್ಕೊತ್ತಿ ಬಾಯಿ ಮುಚ್ಚುತ್ತದೆ; ಹೊರಗೆ ಬರಲು ಹವಣಿಸುವವನನ್ನೇ ಬಾಗಿಲು ಕಾಯಲು ನಿಲ್ಲಿಸಿದಂತೆ. ಅದು ಇಲ್ಲಿ ಈಗ ಪುರಾತನ ವಸ್ತುಗಳ ಸಂತೆಯಲ್ಲಿ ಮಾತ್ರ ಸಿಗುತ್ತದೆ. ನಮ್ಮ ಹುಬ್ಬಳ್ಳಿ, ದಾವಣಗೆರೆಗಳ ಬಸ್‌ಸ್ಟ್ಯಾಂಡುಗಳಲ್ಲಿ ಗೋಲಿ ಸೋಡಾ ಎಂದು ಅದನ್ನೇ ಕುಡಿದು ಬೆಳೆದವರಿಗೆ ಆ ಸಂತೆಯ ಬೆಲೆಚೀಟಿ ನೋಡಿದರೆ ನಗು ಬರುತ್ತದೆ.

ಬಾಟಲಿ ಇಡುವ ಜಾಗವೂ ಮುಖ್ಯ. ಹುದುಗು ಏಳುವ ಮೊದಲ ದಿನಗಳಲ್ಲಿ ಕೋಣೆಯ ಬೆಚ್ಚಗೆ ಸಾಕು. ಗುಳ್ಳೆ ಬಂತೆಂದರೆ ತಂಪಿಗೆ, ಕತ್ತಲಿಗೆ ಸಾಗಿಸಬೇಕು. ಮನೆಯಿಂದ ದೂರದ ಷೆಡ್ಡು, ಗ್ಯಾರೇಜಿನ ಕಲ್ಲುನೆಲ ಉತ್ತಮ. ಆದರೆ ತಗಡಿನ ಷೆಡ್ಡಿಗೆ ಮಧ್ಯಾಹ್ನದ ಬಿಸಿಲು ಬಿದ್ದರೆ ಯೀಸ್ಟಿಗೆ ಹಬ್ಬ. ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನಿಲ್ಲಿಸಿಟ್ಟರೆ ಸಿಡಿದರೂ ಚೂರು, ಪಾಕ ಎರಡೂ ಅಲ್ಲೇ. ಕಡೆಗೆ ಫ್ರಿಜ್ಜು. ಚಳಿಗೆ ಯೀಸ್ಟ್ ಸಾಯುವುದಿಲ್ಲ, ತೂಕಡಿಸುತ್ತದೆ ಅಷ್ಟೇ. ಗ್ಯಾಸು ಮಾತ್ರ ತಣ್ಣನೆಯ ನೀರಿನಲ್ಲಿ ಹೆಚ್ಚು ಕರಗಿ ಕೂರುತ್ತದೆ. ಹಾಗಾಗಿ ಬಿಚ್ಚುವ ಮುನ್ನ ಒಂದು ರಾತ್ರಿ ಫ್ರಿಜ್ಜಿನಲ್ಲಿಡದಿದ್ದರೆ ಅರ್ಧ ಬಾಟಲಿ ಮೇಲ್ಚಾವಣಿಗೆ ನೈವೇದ್ಯ.

ಕಾಲಕ್ಕೆ ತಕ್ಕಂತೆ ಇದರ ಗುಣ ಬದಲಾಗುತ್ತದೆ. ಹತ್ತು ದಿನಕ್ಕೆ ಹೂವಿನ ಪಾನಕ, ನಾಲಗೆಯ ಮೇಲೆ ಸಣ್ಣ ಚುರುಕು. ಎರಡು ಮೂರು ವಾರಕ್ಕೆ ಯೌವನ: ಸಿಹಿ, ಹುಳಿ, ಪರಿಮಳ, ಗುಳ್ಳೆ ನಾಲ್ಕೂ ಸಮ. ಅಷ್ಟರಲ್ಲೇ ಸಣ್ಣ ಅಮಲೂ ಬಂದಿರುತ್ತದೆ. ಹೂವಿನದಲ್ಲವೇ ಎಂದು ಮಕ್ಕಳ ಲೋಟಕ್ಕೆ ಬಗ್ಗಿಸುವಂತಿಲ್ಲ. ಎರಡು ತಿಂಗಳಿಗೆ ಸಿಹಿ ಸತ್ತು ಹುಳಿಯ ದರ್ಬಾರು. ಕೆಲವೊಮ್ಮೆ ನಡುವೆ ಲೋಳೆಯಾಗಿ ಎಣ್ಣೆಯಂತೆ ಸುರಿಯುತ್ತದೆ. ಬ್ಯಾಕ್ಟೀರಿಯಾದ ಕೆಲಸ, ಎಷ್ಟೋ ಸಲ ತಾನೇ ಸರಿಹೋಗುತ್ತದೆ. ಗಾಳಿ ಹೊಕ್ಕರೆ ಕಡೆಗೆ ವಿನೆಗರ್. ಅದನ್ನು ಕೋಸಂಬರಿಗೆ ಹಾಕಿಕೊಳ್ಳಬಹುದು, ಅತಿಥಿಗೆ ಕೊಡಲಾಗದು.

ನಾವು ಕನ್ನಡಿಗರಿಗೆ ಇದು ಅರಗುವುದು ಕಷ್ಟ. ನಮ್ಮ ಮನೆಗಳಲ್ಲಿ ಬೇಸಗೆಯೆಂದರೆ ಕೂಡಿಡುವ ಕಾಲ. ಅಪ್ಪೆಮಿಡಿಯ ಉಪ್ಪಿನಕಾಯಿ ಜಾಡಿಯಲ್ಲಿ ಕೂತಷ್ಟೂ ರುಚಿ. ಎರಡನೇ ವರ್ಷದ್ದನ್ನು ತೆಗೆದು ಬಡಿಸುವಾಗ ಅಮ್ಮನ ಮುಖದಲ್ಲಿರುವ ಹೆಮ್ಮೆ ಹೊಸ ಜಾಡಿಗಿಲ್ಲ. ಆ ಸಂಸ್ಕಾರದಲ್ಲಿ ಬೆಳೆದ ಕೈಗೆ ಜೂನಿನಲ್ಲಿ ತುಂಬಿದ್ದನ್ನು ದೀಪಾವಳಿಗೆ ಉಳಿಸುವ ಆಸೆ. ಆದರೆ ಉಪ್ಪಿನಕಾಯಿಗೆ ಕಾಲ ಸ್ನೇಹಿತ, ಈ ಬಾಟಲಿಗೆ ಕಾಲ ಸಾಲ ಕೊಟ್ಟ ಸಾಹುಕಾರ. ದಿನಾ ಒಂದಿಷ್ಟು ಸಿಹಿ ವಸೂಲು ಮಾಡಿಕೊಂಡು ಹೋಗುತ್ತಾನೆ. ರುಮೇನಿಯಾದವರು ಇದನ್ನು ಚೆನ್ನಾಗಿ ಅರಿತಿದ್ದಾರೆ. ಅವರ ಸೊಕಾಟಾ ಕೂಡ ಇದೇ ಹೂ, ನಿಂಬೆ, ಸಕ್ಕರೆಯದು. ದೊಡ್ಡ ಜಾಡಿಯಲ್ಲಿ ಬಿಸಿಲಿಗಿಟ್ಟು, ಮೂರು ನಾಲ್ಕು ದಿನಕ್ಕೆ ಗುಳ್ಳೆ ಬಂದದ್ದೇ ತಡ ಸೋಸಿ ತಣ್ಣಗೆ ಮಾಡಿ ಕುಡಿದು ಮುಗಿಸುತ್ತಾರೆ. ವರ್ಷವಿಡೀ ಬೇಕೆನ್ನುವವರಿಗೆ ಫಾಂಟಾ ಬ್ರಾಂಡು ಅದೇ ರುಚಿಯನ್ನು ಷೊಕಾಟಾ ಎಂದು ಬಾಟಲಿಗೆ ಹಾಕಿ ಮಾರುತ್ತದೆ. ಸಿಡಿಯುವ ಚಿಂತೆಯಿಲ್ಲ, ಬೇಲಿಯ ನೆನಪೂ ಇಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಈಗ ಒಂದು ಕಟ್ಟಳೆಯಿದೆ. ಇಡಲು ಬೇಕೆಂದರೆ ಕಾರ್ಡಿಯಲ್. ಬುರುಗಿನದಾದರೆ ಒಂದೇ ಬಕೆಟ್ಟು, ಪ್ಲಾಸ್ಟಿಕ್ ಬಾಟಲಿ, ಜುಲೈ ಮುಗಿಯುವುದರೊಳಗೆ ಖಾಲಿ. ಉಳಿದರೆ ಬೀದಿಯವರಿಗೆ ಹಂಚಿಕೆ. ಎಲ್ಲ ಗೊಂಚಲನ್ನೂ ನಾವೇ ಕಿತ್ತರೆ ಸೆಪ್ಟೆಂಬರಿಗೆ ಹಣ್ಣಿಲ್ಲದೆ ಹಕ್ಕಿಗಳಿಗೆ ಉಪವಾಸ ಎನ್ನುವುದೂ ಒಂದು ಬಕೆಟ್ಟಿಗೆ ನಿಲ್ಲಲು ಕಾರಣ.

ನೀವು ಜೂನಿನಲ್ಲಿ ಈ ಕಡೆ ಬಂದು, ಯಾರಾದರೂ ಮೋಡಮೋಡವಾದ ತಿಳಿಹಳದಿ ಪಾನೀಯದ ಬಾಟಲಿಯೊಂದನ್ನು ಕೈಗಿತ್ತರೆ “ಊರಿಗೆ ಹೋಗಿ ಕುಡೀತೀವಿ” ಎಂದು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಡಬೇಡಿ. ಆ ರಾತ್ರಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಸಿಂಕಿನ ಮೇಲೆ ಹಿಡಿದು, ಮುಖ ಆಚೆ ತಿರುಗಿಸಿ, ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ, ನಾಲ್ಕು ಜನರನ್ನು ಕರೆದು ಕುಡಿದುಬಿಡಿ. ಮುಂದಿನ ವರ್ಷಕ್ಕೆ ಬೇಲಿಯಲ್ಲಿ ಮತ್ತೆ ಹೂ ಇರುತ್ತದೆ.